ಒಂದೇ ಹೆಸರಿನ ಕಾರ್ಡು

ಸುಮ್ಮನೆ ಕುಳಿತುಕೊಳ್ಳುವುದಕ್ಕೆ ನನಗೆ ಪಗಾರ ಕೊಡುತ್ತಾರೆ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಾನು ಹುಟ್ಟಾ ಬಾಯಿಬಡುಕಿ. ಗೋಕಾಕದ ಒಂದು ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಕಲಿಸಿ, ಕೊನೆಗೆ ಅಲ್ಲಿಯ ಮುಖ್ಯಗುರುಗಳ ಜೊತೆ ಜಗಳವಾಡಿ ಬಿಟ್ಟು ಬಂದವಳು. ಆಮೇಲೆ ಸಿಕ್ಕಿದ್ದು ಈ ಕೆಲಸ. ಸರ್ಕಾರಿ ಕಚೇರಿಗಳಿಗೆ ವೆಬ್‌ಸೈಟು ಮಾಡಿಕೊಡುವ ಒಂದು ತಂಡವಿದೆ. ಅವರು ಮಾಡಿದ ಕರಡು ಪುಟಗಳನ್ನು ಟ್ಯಾಬ್‌ನಲ್ಲಿ ಹಾಕಿಕೊಂಡು ನಾನು ಊರೂರು ತಿರುಗಬೇಕು. ಯಾರದಾದರೂ ಕೈಗೆ ಅದನ್ನು ಕೊಟ್ಟು "ಇದರಾಗ ಒಂದ ಅರ್ಜಿ ಹಾಕಿ ನೋಡ್ರಿ" ಅನ್ನಬೇಕು. ಆಮೇಲೆ ಪಕ್ಕದಲ್ಲಿ ಕುಳಿತು, ಅವರ ಬೆರಳು ಎಲ್ಲಿ ನಿಂತಿತು, ಯಾವ ಮಾತು ತಿಳಿಯದೆ ಹುಬ್ಬು ಗಂಟಾಯಿತು, ಎಲ್ಲಿ ಬೇಸತ್ತು ಟ್ಯಾಬ್ ಕೆಳಗಿಟ್ಟರು ಎಂದು ಬರೆದುಕೊಳ್ಳಬೇಕು.

ಸಹಾಯ ಮಾತ್ರ ಮಾಡುವ ಹಾಗಿಲ್ಲ, ಅದು ಈ ಕೆಲಸದ ಮೊದಲ ನಿಯಮ. ಅವರು ಏನಾದರೂ ಕೇಳಿದರೆ ಉತ್ತರ ಹೇಳದೆ "ನಿಮಗೇನ ಅನ್ನಸ್ತೈತ್ರಿ?" ಎಂದು ತಿರುಗಿ ಕೇಳಬೇಕು. ನಾಳೆ ಅವರು ಮನೆಯಲ್ಲಿ ಒಬ್ಬರೇ ಕುಳಿತು ಅರ್ಜಿ ಹಾಕುವಾಗ ನೀವು ಪಕ್ಕದಲ್ಲಿರುತ್ತೀರಾ ಎನ್ನುತ್ತಿದ್ದರು ತಂಡದ ಮುಖ್ಯಸ್ಥರು. ಮಾತು ಸರಿಯೇ. ಆದರೆ ಎದುರಿಗೆ ಒಬ್ಬರು ಒದ್ದಾಡುತ್ತಿರುವಾಗ ತುಟಿ ಪಿಟಕ್ಕೆನ್ನದೆ ಕುಳಿತುಕೊಳ್ಳುವುದೆಂದರೆ ನನ್ನಂಥವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಇನ್ನೊಂದು ಕಾಟ ನಮ್ಮ ಕಡೆಯ ಮಂದಿಯ ಒಳ್ಳೆಯತನ. ಮೂಡಲಗಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಮೊದಲ ಪುಟದಲ್ಲೇ ಅರ್ಧ ಗಂಟೆ ಸಿಕ್ಕಿಬಿದ್ದು, ಬೆವರು ಒರೆಸಿಕೊಂಡು, ಕೊನೆಗೆ ನನ್ನ ಮುಖ ನೋಡಿ "ಭಾಳ ಛಲೋ ಮಾಡ್ಯಾರ್ರಿ, ಏನೂ ತ್ರಾಸಿಲ್ಲ" ಅಂದರು. ತುಕ್ಕಾನಟ್ಟಿಯಲ್ಲಿ ಒಬ್ಬ ಹೆಣ್ಣುಮಗಳು ನಾನು ಬರುವ ಸುದ್ದಿ ತಿಳಿದು, ಹಿಂದಿನ ದಿನವೇ ತವರಿಗೆ ಫೋನ್ ಮಾಡಿ ಅರ್ಜಿ ಹಾಕುವುದು ಹೇಗೆಂದು ಕೇಳಿ ಬಾಯಿಪಾಠ ಮಾಡಿದ್ದರು. ಮನೆಗೆ ಬಂದವರ ಎದುರಿಗೆ ಅವರ ವಸ್ತುವನ್ನು ಚೆನ್ನಾಗಿಲ್ಲ ಅನ್ನುವುದಾದರೂ ಹೇಗೆ! ಆ ಟ್ಯಾಬ್ ನಾನು ಹೆತ್ತ ಕೂಸು ಅನ್ನುವ ಹಾಗೆ ಹೊಗಳುತ್ತಿದ್ದರು. ಕೌಜಲಗಿಯ ಒಬ್ಬ ಅಜ್ಜ ಮಾತ್ರ "ಇದನ್ನ ಮಾಡಿದವ್ನ ಕರಕೊಂಡ ಬರ್ರಿ, ಇಲ್ಲೇ ಕುಂದಿರಿಸಿ ಅವನ ಕಡಿಂದನ ಅರ್ಜಿ ತುಂಬಸೂಣು" ಅಂದಿದ್ದ. ಆ ಅಜ್ಜನ ಮೇಲೆ ನನಗೆ ಈಗಲೂ ಪ್ರೀತಿ.

ಇಡೀ ದಿನ ಬಾಯಿಗೆ ಬೀಗ ಹಾಕಿಕೊಂಡು ಕುಳಿತು, ಸಂಜೆ ಗೋಕಾಕಕ್ಕೆ ಬಂದರೆ ಎರಡನೇ ಮಹಡಿಯಲ್ಲಿ ನನ್ನ ಖೋಲಿ. ಒಂದು ತಾಟು, ಒಂದು ಲೋಟ. ಅಲ್ಲೂ ಮಾತಿಗೆ ಯಾರೂ ಇಲ್ಲ. ಕುಕ್ಕರ್ ಸೀಟಿ ಹೊಡೆದರೆ "ಬಂದೆ, ಬಂದೆ" ಅನ್ನುವ ಅಭ್ಯಾಸ ಯಾವಾಗ ಬಂತೋ ತಿಳಿಯದು. ಮದುವೆ ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಕೇಳಿದವರಿಗೆ ಹೇಳಿ ಹೇಳಿ ಸಾಕಾಗಿದೆ. ಹುಕ್ಕೇರಿಯಲ್ಲಿ ಅಣ್ಣನ ಮನೆ ಇದೆ. ಅವನ ರೇಶನ್ ಕಾರ್ಡಿನಲ್ಲಿ ಅವನದು, ವೈನಿಯದು, ಇಬ್ಬರು ಮಕ್ಕಳದು, ಕೊನೆಯಲ್ಲಿ ನನ್ನದು ಹೆಸರಿತ್ತು. ಹಬ್ಬಕ್ಕೆ ಹೋದಾಗಲೆಲ್ಲ ವೈನಿ ನಕ್ಕು "ನಿಮ್ಮ ಪಾಲಿನ ಅಕ್ಕಿ ನಾವ ಉಣ್ಣಾಕತ್ತೇವಿ ನೋಡ್ರಿ" ಅನ್ನುತ್ತಿದ್ದಳು. ಉಣ್ಣಲಿ ಬಿಡಿ. ನಾನು ಆ ಹೆಸರು ತೆಗೆಸದೆ ಇದ್ದದ್ದು ಅಕ್ಕಿಗಾಗಿ ಅಲ್ಲ. ಆ ಒಂದು ಕಾಗದದಲ್ಲಾದರೂ ನಾನು ಒಂದು ಮನೆಯವಳಾಗಿದ್ದೆ, ಅದಕ್ಕೆ.

ಆ ವರ್ಷ ಬಂದದ್ದೂ ಪಡಿತರ ಚೀಟಿಯ ಕೆಲಸವೇ. ಹೊಸ ಕಾರ್ಡಿಗೆ ಅರ್ಜಿ ಹಾಕುವ ಪುಟಗಳನ್ನು ಜನರ ಕೈಯಲ್ಲಿ ಕೊಟ್ಟು ನೋಡಬೇಕಿತ್ತು. ಆನ್‌ಲೈನ್ ಸೆಂಟರಿಗೆ ಎಂದೂ ಹೋಗದವರೇ ಬೇಕು ಅಂದಿದ್ದರು. ಘೋಡಗೇರಿಯಲ್ಲಿ ಹಾಲಿನ ಡೇರಿಯ ಹತ್ತಿರ ವಿಚಾರಿಸಿದಾಗ ಒಂದು ಮನೆಯ ಹಿತ್ತಲ ಕಡೆ ಕೈ ತೋರಿಸಿದರು. ಅಲ್ಲಿ ಒಂದೇ ಖೋಲಿ, ಬಾಗಿಲಲ್ಲಿ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಏಳನೇ ತರಗತಿಯವರೆಗೆ ಓದಿದ್ದರು. ನಾನು ಅವರನ್ನು ಕಾಕು ಅಂದೆ, ಅವರು ನನ್ನನ್ನು ಅಕ್ಕಾರ ಅಂದರು. ಚಹಾ ಬಂತು. ಚಹಾದ ಹಿಂದೆಯೇ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ ಬಂತು. ಬೇಡ ಅಂದದ್ದು ಅವರ ಕಿವಿಗೇ ಬೀಳಲಿಲ್ಲ.

ಊಟವಾದ ಮೇಲೆ ನಿಯಮದ ಪ್ರಕಾರ ಒಂದು ಒಪ್ಪಿಗೆ ಕಾಗದ ಓದಿದೆ. 'ಇದು ಪ್ರಾಯೋಗಿಕ ಆವೃತ್ತಿಯಾಗಿದ್ದು ಯಾವುದೇ ಸೌಲಭ್ಯಕ್ಕೆ ಸಂಬಂಧಿಸಿರುವುದಿಲ್ಲ' ಅಂತ ಏನೇನೋ ಇತ್ತು. ಸರಸರ ಓದಿ ಮುಗಿಸಿದೆ, ಅವರು ತಲೆಯಾಡಿಸಿ ಸಹಿ ಮಾಡಿದರು. ಆಮೇಲೆ ಒಂದು ಚೀಟಿ ಕೊಟ್ಟೆ. ಅದರಲ್ಲಿ ಇಲ್ಲದ ಒಂದು ಕುಟುಂಬದ ವಿವರ ಇರುತ್ತಿತ್ತು, ಗಂಡ, ಹೆಂಡತಿ, ಎರಡು ಮಕ್ಕಳು. ಎಲ್ಲರೂ ಅದನ್ನೇ ನೋಡಿ ತುಂಬುತ್ತಿದ್ದರು. ಕಾಕು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಈಕಿ ಯಾರ್ರಿ?"

"ಯಾರೂ ಅಲ್ರಿ ಕಾಕು, ಸುಮ್ನ ಒಂದ ಹೆಸರ."

"ಸುಮ್ನ ಹೆಸರ ನಾ ಯಾಕ ಬರೀಲಿ? ನಂದ ಹೆಸರ ಐತೆಲ್ಲ."

ಅಂದವರೇ ತಮ್ಮ ಹೆಸರು ಬರೆಯತೊಡಗಿದರು. ನನಗೆ ಒಳಗೊಳಗೇ ಖುಷಿ! ನಮ್ಮ ಕೆಲಸದಲ್ಲಿ, ಒಬ್ಬರು ತಮ್ಮ ಸ್ವಂತದ್ದೇ ಅಂತ ತಿಳಿದು ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಎಲ್ಲಿ ತೊಡಕು ಅನ್ನುವುದು ನಿಚ್ಚಳವಾಗಿ ಕಾಣುತ್ತದೆ. ಸುಮ್ಮನೆ ನೋಡುತ್ತ ಕುಳಿತೆ. ಯಾವ ಕಾರಣಕ್ಕೆ ಕಾರ್ಡು ಬೇಕು ಅನ್ನುವ ಪ್ರಶ್ನೆ ಬಂದಾಗ, ಪುಟಕ್ಕೆ ಉತ್ತರ ಕೊಡುವ ಬದಲು ನನಗೆ ಹೇಳಿದರು. ಗಂಡ ತೀರಿ ಆರು ವರ್ಷ. ಹೆಸರು ಮೈದುನನ ಕಾರ್ಡಿನಲ್ಲಿದೆ. ತಿಂಗಳ ರೇಶನ್ ಬಂದಾಗ ಮುಂಭಾಗದಲ್ಲಿರುವ ಮೈದುನನ ಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಲ್ಲಬೇಕು, ಅವನ ಹೆಂಡತಿ, ತಮ್ಮ ನೆಗೆಣ್ಣಿ, ಒಳಗಿನಿಂದ ಅಕ್ಕಿ ತಂದು ಸುರಿಯಬೇಕು.

"ನನ್ನ ಪಾಲಿಂದ ನನಗ ಭಿಕ್ಷಾ ಹಾಕಿದಂಗ ಹಾಕ್ತಾಳ್ರಿ ಅಕಿ. ಅಕ್ಕಿಗೇನ ಕಮ್ಮಿಲ್ರಿ, ನಾ ದುಡಿತೇನಿ. ಆದ್ರ ನನ್ನ ಹೆಸರಿಗೊಂದ ಕಾರ್ಡ ಬೇಕು. ನನ್ನ ಒಲಿ ನಂದು ಅಂತ ಒಂದ ಕಾಗದ ಇರ್ಲಿ."

ಮುಂದಿನ ಪುಟದಲ್ಲಿ 'ಕುಟುಂಬದ ಸದಸ್ಯರನ್ನು ಸೇರಿಸಿ' ಎಂದಿತ್ತು. ಕಾಕುವಿಗೆ ಸೇರಿಸಲು ಯಾರೂ ಇಲ್ಲ. ಖಾಲಿ ಬಿಟ್ಟು 'ಮುಂದೆ' ಒತ್ತಿದರು. ಕೆಂಪು ಅಕ್ಷರದಲ್ಲಿ 'ಕನಿಷ್ಠ ಒಬ್ಬ ಸದಸ್ಯರನ್ನು ಸೇರಿಸಿ' ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ಅದೇ. ನನ್ನ ಕಡೆ ನೋಡಿದರು. ನಾನು ನನ್ನ ನೋಟ್‌ಬುಕ್ ನೋಡಿದೆ. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು, ಆ ಹಾಡು ಊರು ದಾಟುವವರೆಗೂ ಇಬ್ಬರೂ ಹಾಗೇ ಕುಳಿತಿದ್ದೆವು. ಆಮೇಲೆ ಅವರು ಆ ಜಾಗದಲ್ಲಿ ತಮ್ಮ ಹೆಸರನ್ನೇ ಇನ್ನೊಮ್ಮೆ ಬರೆದರು. ಕೆಳಗೆ ಸಂಬಂಧದ ಪಟ್ಟಿ ತೆರೆದುಕೊಂಡಿತು, ಹೆಂಡತಿ, ಮಗ, ಮಗಳು, ತಾಯಿ, ಸೊಸೆ ಎಂದೆಲ್ಲ. ಬೆರಳು ಆ ಪಟ್ಟಿಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡಿತು.

"ಅಕ್ಕಾರ, ನಾ ನನಗ ಏನಾಗಬೇಕ್ರಿ?"

ನಗುತ್ತ ಕೇಳಲಿಲ್ಲ ಅವರು. ನಿಜವಾಗಿಯೂ ತಿಳಿಯದೆ, ತಿಳಿದವರನ್ನು ಕೇಳುವ ಹಾಗೆ ಕೇಳಿದರು. ನಾನು ಏನು ಹೇಳಿದೆ? "ನಿಮಗೇನ ಅನ್ನಸ್ತೈತ್ರಿ ಕಾಕು?" ಅಂದೆ. ಥೂ ನನ್ನ ಜನ್ಮಕ್ಕೆ! ಅವರು ಸ್ವಲ್ಪ ಹೊತ್ತು ಯೋಚಿಸಿ 'ಇತರೆ' ಒತ್ತಿದರು. ಪುಟ ಒಪ್ಪಿಕೊಂಡಿತು. ಹಸಿರು ಗುರುತು, 'ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ' ಎಂಬ ಸಾಲು, ಅದರ ಕೆಳಗೆ ಒಂದು ಅರ್ಜಿ ಸಂಖ್ಯೆ ಬಂತು. ಕಾಕು ನನ್ನ ಪೆನ್ನು ಕೇಳಿ ಇಸಿದುಕೊಂಡು, ಆ ಚೀಟಿಯ ಹಿಂಬದಿಗೇ ಸಂಖ್ಯೆಯನ್ನು ಒಂದೊಂದಾಗಿ ಬರೆದು, ಎರಡು ಸಲ ತಾಳೆ ನೋಡಿ, ಮಡಿಚಿ ದೇವರ ಜಗಲಿಯ ಮೇಲಿಟ್ಟರು. 'ಅರ್ಜಿ ಸಂಖ್ಯೆಯನ್ನು ತಾವಾಗಿಯೇ ಬರೆದುಕೊಂಡರು, ಒಳ್ಳೆಯದು' ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಆ ಸಾಲು ಈಗಲೂ ಅಲ್ಲಿದೆ.

ಹೊರಡುವಾಗ ಕೇಳಿದರು, "ನಿಮ್ಮ ಕಾರ್ಡಿನ್ಯಾಗ ಎಷ್ಟ ಹೆಸರ ಅದಾವ್ರಿ?"

ನಮ್ಮ ವಿಷಯ ಹೇಳುವ ಹಾಗಿಲ್ಲ, ಅದೂ ಒಂದು ನಿಯಮ. ನಕ್ಕು ಟ್ಯಾಬ್ ಚೀಲಕ್ಕೆ ಹಾಕಿದೆ. ಮತ್ತೆ ಯಾವಾಗ ಬರುತ್ತೀರಿ ಎಂದರೆ "ಬರ್ತೇನ್ರಿ" ಅಂದೆ. ಒಮ್ಮೆ ಪುಟ ನೋಡಿದವರ ಕೈಗೆ ಟ್ಯಾಬ್ ಮತ್ತೆ ಕೊಡುವಂತಿಲ್ಲ, ಅವರಿಗೆ ದಾರಿ ಗೊತ್ತಾಗಿರುತ್ತದೆ ಅನ್ನುವುದು ಲೆಕ್ಕ. ಹಾಗಾಗಿ ಎಷ್ಟೋ ಮನೆಗಳಲ್ಲಿ ರೊಟ್ಟಿ ತಿಂದಿದ್ದೇನೆ, ಎರಡನೇ ಸಲ ಹೋದ ಮನೆ ಒಂದೂ ಇರಲಿಲ್ಲ. ಬಸ್ಸಿನಲ್ಲಿ ಕುಳಿತಾಗ ಈ ಕಾಕುವಿನ ಮನೆಯೊಂದಕ್ಕಾದರೂ ಮತ್ತೆ ಹೋಗಬೇಕು ಅಂತ ಬಹಳ ಅನ್ನಿಸಿತು.

ಆ ವಾರ ತಂಡದ ಸಭೆ ನಡೆಯಿತು. ಎಲ್ಲರೂ ಪರದೆಯ ಮೇಲೆ, ನಾನು ನನ್ನ ಖೋಲಿಯಲ್ಲಿ. ಕಾಕು ಕೇಳಿದ ಪ್ರಶ್ನೆಯನ್ನು ಓದಿ ಹೇಳಿದಾಗ ಮೂರ್ನಾಲ್ಕು ಜನ ಗೊಳ್ಳೆಂದು ನಕ್ಕರು. ನನಗೆ ರೇಗಿತು. "ನಗೋದೇನಿದೆ ಇದರಲ್ಲಿ? ಒಬ್ಬರೇ ಇರುವವರು ನಿಮ್ಮ ಪುಟದ ಪ್ರಕಾರ ಮನೆಯೇ ಅಲ್ಲವಲ್ಲ, ಅದಕ್ಕೆ ನಗಬೇಕು" ಅಂದೆ. ಆ ಪುಟವನ್ನು ಬದಲಿಸುವ ಕೆಲಸ ನನ್ನ ತಲೆಗೇ ಬಂತು. ಎಷ್ಟು ಸಲ ಬರೆದು ಅಳಿಸಿದೆನೋ! ಅವಿವಾಹಿತರೇ, ವಿಧವೆಯೇ, ವಿಚ್ಛೇದಿತರೇ ಅಂತ ಕೇಳಬಾರದು, ಯಾರಿಗೂ ಎದೆಗೆ ಚುಚ್ಚಬಾರದು, ಒಂದೇ ಓದಿಗೆ ತಿಳಿಯಬೇಕು. ಕೊನೆಗೆ ಪುಟದ ಮೇಲ್ಗಡೆ ಒಂದೇ ಪ್ರಶ್ನೆ ಇಟ್ಟೆ. 'ನಿಮ್ಮ ಮನೆಯಲ್ಲಿ ನೀವಲ್ಲದೆ ಬೇರೆ ಯಾರಾದರೂ ಇದ್ದಾರೆಯೇ?' ಅದರ ಕೆಳಗೆ ಎರಡು ಬಟನ್ನು, 'ಇದ್ದಾರೆ', 'ಯಾರೂ ಇಲ್ಲ'. ಕೌಜಲಗಿ, ಮೂಡಲಗಿಯ ಹೊಸಬರ ಕೈಯಲ್ಲಿ ಕೊಟ್ಟು ನೋಡಿದೆ, ಯಾರೂ ತಡವರಿಸಲಿಲ್ಲ. ಕೆಲವು ತಿಂಗಳಲ್ಲಿ ನಿಜವಾದ ವೆಬ್‌ಸೈಟು ಹೊಸ ರೂಪದಲ್ಲಿ ಬಂತು, ನನ್ನ ಪ್ರಶ್ನೆಯೂ ಅದರಲ್ಲಿತ್ತು.

ನನಗೆ ಹೇಳಿಕೊಳ್ಳುವುದಕ್ಕೆ ಯಾರಾದರೂ ಬೇಕಾಗಿತ್ತು. ಅಣ್ಣನಿಗೆ ಫೋನ್ ಮಾಡಿದರೆ "ಛಲೋ ಆತು ಬಿಡವಾ" ಅಂದ, ಅಷ್ಟೇ. ಈ ಸಂತೋಷ ಅರ್ಥವಾಗುವುದು ಒಬ್ಬರಿಗೆ ಮಾತ್ರ ಅನ್ನಿಸಿತು. ನಿಯಮ ಸುಡುಗಾಡಿಗೆ ಹೋಗಲಿ ಎಂದು ಒಂದು ಭಾನುವಾರ ಅರ್ಧ ಕೆಜಿ ಕರದಂಟು ಕಟ್ಟಿಸಿಕೊಂಡು ಘೋಡಗೇರಿಗೆ ಹೊರಟೆ. ಮೊದಲ ಸಲ ಹೋಗಿ ಏಳು ತಿಂಗಳಾಗಿತ್ತು.

ಕಾಕು ಬಾಗಿಲಲ್ಲಿ ಕುಳಿತು ಗೋವಿನಜೋಳ ಸುಲಿಯುತ್ತಿದ್ದರು. ನನ್ನನ್ನು ಕಂಡವರೇ ಮಡಿಲು ಝಾಡಿಸಿ ಎದ್ದು ನಿಂತರು. ಮುಖ ಎಷ್ಟು ಅರಳಿತ್ತೆಂದರೆ, ನನ್ನನ್ನು ನೋಡಿ ಯಾರ ಮುಖವೂ ಹಾಗೆ ಅರಳಿ ಬಹಳ ವರ್ಷಗಳಾಗಿದ್ದವು.

"ಬಂದ್ರೇನ್ರಿ ಅಕ್ಕಾರ! ಕಾರ್ಡ ತಂದ್ರೇನು?"

ಕೈಯಲ್ಲಿದ್ದ ಕರದಂಟಿನ ಪೊಟ್ಟಣವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವರು ನನ್ನ ಉತ್ತರಕ್ಕೂ ಕಾಯದೆ ಹೇಳತೊಡಗಿದರು. ನಾನು ಬಂದುಹೋದ ಮೇಲೆ, ಎರಡು ಕಡೆ ಹೆಸರಿರಬಾರದು ಎಂದು ಯಾರೋ ಹೇಳಿದ್ದಕ್ಕೆ, ತಾವೇ ಓಡಾಡಿ ಮೈದುನನ ಕಾರ್ಡಿನಿಂದ ಹೆಸರು ತೆಗೆಸಿದ್ದರು. ನೆಗೆಣ್ಣಿಗೆ "ಇನ್ನ ನಿನ್ನ ಬಾಗಲಿಗಿ ಬರೂದಿಲ್ಲವಾ" ಅಂತ ಹೇಳಿಯೂ ಬಿಟ್ಟಿದ್ದರು. ಅಂದಿನಿಂದ ಪ್ರತಿ ತಿಂಗಳೂ ಆ ಚೀಟಿ ಹಿಡಿದು ರೇಶನ್ ಅಂಗಡಿಗೆ ಹೋಗುವುದು, ಇಂಥ ಸಂಖ್ಯೆಯೇ ಇಲ್ಲ ಅನ್ನಿಸಿಕೊಂಡು ಬರುವುದು. ಕಳೆದ ತಿಂಗಳು ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದರಂತೆ.

"ಯಾರೋ ನಿನಗ ಟೋಪಿ ಹಾಕಿ ಹೋಗ್ಯಾರ ಅಂದ್ರು. ನಾ ಏನ ಕೇಳ್ಲಿಲ್ಲ ಬಿಡ್ರಿ. ಆ ಅಕ್ಕಾರ ನನ್ನ ಬಾಜೂಕ ಕುಂತ ಮಾಡಿಸ್ಯಾರ, ಅವ್ರ ಬರ್ತಾರ ಅಂತ ಹೇಳೇನಿ."

ಹೇಳದೆ ಗತಿಯಿರಲಿಲ್ಲ.

"ಕಾಕು, ಅದು ಖರೇ ಅರ್ಜಿ ಅಲ್ರಿ."

"ಅಲ್ಲ ಅಂದ್ರ? ನಂಬರ ಬಂದೈತೆಲ್ಲ."

"ಆ ನಂಬರ ಎಲ್ಲಾರಿಗೂ ಅದ ಬರ್ತೈತ್ರಿ. ಆ ಪುಟ ತಿಳೀತೈತೋ ಇಲ್ಲೋ ಅಂತ ನೋಡಾಕ ಅಷ್ಟ ಮಾಡಿದ್ದು. ನಿಮ್ಮ ಅರ್ಜಿ ಎಲ್ಲೂ ಹೋಗಿಲ್ರಿ."

ಅವರು ಒಳಗೆ ಹೋಗಿ ಜಗಲಿಯ ಮೇಲಿನಿಂದ ಚೀಟಿ ತಂದರು. ಮಡಿಕೆಯ ಜಾಗ ಸವೆದು ಹರಿದಿತ್ತು. ಅದನ್ನು ಬಿಡಿಸಿ ನೋಡುತ್ತ ನಿಂತರು. ನಾನು ತಡೆಯಲಾರದೆ ಒಂದು ಹಲ್ಕಾ ಮಾತಾಡಿದೆ, "ಅವತ್ತ ಕಾಗದ ಓದಿ ಹೇಳಿದ್ನೆಲ್ರಿ" ಅಂದೆ.

"ಓದಿದ್ರಿ," ಅಂದರು. "ಏನ ಓದಿದ್ರೋ ನಿಮಗ ಗೊತ್ತು. ನಾ ಕಾಗದ ನೋಡ್ಲಿಲ್ರಿ, ನಿಮ್ಮನ್ನ ನೋಡಿದ್ನಿ. ನೀವ ಬಾಜೂಕ ಕುಂತಿದ್ರಿ. ಕಲಿತಾಕಿ ಬಾಜೂಕ ಕುಂತ ಸುಮ್ನ ನೋಡಾಕತ್ತಾಳ ಅಂದ್ರ, ನಾ ಬರೋಬ್ಬರಿ ಮಾಡಾಕತ್ತೇನಿ ಅಂತ ಅಲ್ಲೇನ್ರಿ? ತಪ್ಪಿದ್ರ ಯಾರರ ಸುಮ್ನ ಕುಂದಿರ್ತಾರೇನು?"

ನಮ್ಮ ಕಡೆ ಕೆಲಸ ಕಲಿಸುವುದೇ ಹಾಗೆ. ಹುಕ್ಕೇರಿಯ ಮನೆಯಲ್ಲಿ ನಾನು ಮೊದಲ ಸಲ ರೊಟ್ಟಿ ಬಡಿಯುವಾಗ ಅವ್ವ ಬಾಜೂಕ ಕುಳಿತಿದ್ದಳು, ಒಂದು ಮಾತಿಲ್ಲ. ಅವಳು ಬಾಯಿ ತೆರೆದಳೆಂದರೆ ರೊಟ್ಟಿ ಹರಿದಿದೆ ಅಂತಲೇ ಅರ್ಥ. ಅವಳು ಸುಮ್ಮನಿದ್ದಷ್ಟು ಹೊತ್ತು ನನಗೆ ಧೈರ್ಯ. ಹೊಲದಲ್ಲಿ ಕೂರಿಗೆ ಹಿಡಿಯಲು ಕಲಿಸುವವರೂ ಹಾಗೆಯೇ. ಇದೆಲ್ಲ ಗೊತ್ತಿದ್ದು ಬೆಳೆದವಳು ನಾನು. ಎಲ್ಲಿಯದೋ ನಿಯಮ ಕಲಿತು ಬಂದು ಆ ಹೆಂಗಸಿನ ಪಕ್ಕದಲ್ಲಿ ತುಟಿ ಹೊಲಿದುಕೊಂಡು ಕುಳಿತೆ, ಅವರು ಅದನ್ನು ನಮ್ಮೂರಿನ ರೀತಿಯಲ್ಲಿ ಸರಿಯಾಗಿಯೇ ತಿಳಿದುಕೊಂಡರು.

"ಈಗ ನಾ ಯಾವ ಕಾರ್ಡಿನ್ಯಾಗೂ ಇಲ್ಲಂತಾತು," ಅಂದರು ಕಾಕು. ಅಳಲಿಲ್ಲ, ಬೈಯಲೂ ಇಲ್ಲ. ಕುಳಿತು ಮತ್ತೆ ಗೋವಿನಜೋಳ ಸುಲಿಯತೊಡಗಿದರು. ಚಹಾ ಕುಡಿಯುತ್ತೀರಾ ಎಂದು ಕೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೇಳಲಿಲ್ಲವೆಂದರೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ಕರದಂಟನ್ನು ಕಟ್ಟೆಯ ಮೇಲಿಟ್ಟು ಬಂದುಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ಅತ್ತೆ.

ನಿಜವಾದ ಅರ್ಜಿಯನ್ನು ಅವತ್ತೇ ಹಾಕಿಸೋಣವೆಂದರೆ ವೆಬ್‌ಸೈಟಿನಲ್ಲಿ 'ಹೊಸ ಅರ್ಜಿಗಳನ್ನು ಸದ್ಯಕ್ಕೆ ಸ್ವೀಕರಿಸುತ್ತಿಲ್ಲ' ಎಂದು ಬರೆದಿತ್ತು. ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಪಾಪ ಅನ್ನಿಸುತ್ತದೆ, ಆದರೆ ಅದು ನಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಅಂದರು. "ವ್ಯಾಪ್ತಿ ಅಂತೆ ವ್ಯಾಪ್ತಿ!" ಎಂದು ಕಿರುಚಿದ್ದು ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಅಂದಿನಿಂದ ನಮ್ಮ ಕರಡು ಪುಟಗಳ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ 'ಇದು ಖರೇ ಅರ್ಜಿ ಅಲ್ಲ' ಎಂದು ಬರೆಸಿದೆ. ಕೊನೆಯ ಪುಟದಲ್ಲಿ ಬರುತ್ತಿದ್ದ ಅರ್ಜಿ ಸಂಖ್ಯೆ ತೆಗೆಸಿದೆ. ಒಪ್ಪಿಗೆ ಕಾಗದ ಹರಿದು ಹಾಕಿ, ಇದರಿಂದ ಏನೂ ಸಿಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ, ಅದನ್ನು ಅವರ ಬಾಯಿಂದ ತಿರುಗಿ ಹೇಳಿಸಿದ ಮೇಲೆಯೇ ಟ್ಯಾಬ್ ಕೈಗೆ ಕೊಡುವುದು ರೂಢಿ ಮಾಡಿಕೊಂಡೆ. ಇಷ್ಟೆಲ್ಲ ಮಾಡಿದರೂ ಕಾಕುವಿನ ಕಾರ್ಡು ಬರಲಿಲ್ಲವಲ್ಲ.

ನಡುವೆ ಒಮ್ಮೆ ಅಕ್ಕಿಯ ಚೀಲ ಹೊತ್ತುಕೊಂಡು ಹೋದೆ. ಬಾಗಿಲಲ್ಲೇ ತಡೆದರು. "ಇದ ಯಾವ ಅರ್ಜಿದ್ರಿ?" ಅಂದರು. ಚೀಲ ಹೊತ್ತುಕೊಂಡು ವಾಪಸ್ ಬಂದೆ. ಆ ಅಕ್ಕಿಯನ್ನು ತಿಂಗಳುಗಟ್ಟಲೆ ಒಬ್ಬಳೇ ಉಂಡೆ.

ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಆ ವೆಬ್‌ಸೈಟು ತೆರೆದು ನೋಡುವುದು ನನ್ನ ಕೆಲಸವಾಯಿತು. ದಿನಾ 'ಸ್ವೀಕರಿಸುತ್ತಿಲ್ಲ' ಎಂಬ ಅದೇ ಸಾಲು. ಕೊನೆಗೆ ಒಂದು ಬೆಳಿಗ್ಗೆ ಆ ಸಾಲು ಇರಲಿಲ್ಲ. ತಲೆ ಬಾಚದೆ ಓಡಿ ಮೊದಲ ಬಸ್ಸು ಹಿಡಿದೆ. ಕಾಕು ಕೆಲಸಕ್ಕೆ ಹೊರಟಿದ್ದರು, ಕೈಯಲ್ಲಿ ಬುತ್ತಿ ಇತ್ತು. ನನ್ನನ್ನೂ ನನ್ನ ಫೋನನ್ನೂ ನೋಡಿದರು.

"ಇದ ಖರೇದೇನು?"

"ಖರೇದ್ರಿ."

"ಹಂಗಾರ ಸುಮ್ನ ಕುಂದ್ರಬ್ಯಾಡ್ರಿ. ಒಂದೊಂದ ಓದಿ ಹೇಳ್ರಿ."

ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಿದೆ, ಅವರು ಒತ್ತಿದರು. ಅವರ ಫೋನಿಗೆ ಬಂದ ಅಂಕಿಗಳನ್ನು ಅವರೇ ಓದಿದರು. ಸದಸ್ಯರ ಪುಟ ಬಂತು. ನಾನು ಬರೆದ ಪ್ರಶ್ನೆ ಓದಿದೆ. ಕಾಕು ಬೆರಳು ಎತ್ತಿ ಹಿಡಿದರು.

"ಇದ ಅವತ್ತ ಇರಲಿಲ್ಲ."

"ಇರಲಿಲ್ರಿ. ನೀವ ಅವತ್ತ ಕೇಳಿದ್ರೆಲ್ಲ, ಅದಕ್ಕ ಹಾಕೇವಿ."

ಅವರು 'ಯಾರೂ ಇಲ್ಲ' ಒತ್ತಿದರು. ಅರ್ಜಿ ಹೋಯಿತು, ಈ ಸಲ ನಿಜವಾಗಿಯೂ ಹೋಯಿತು. ಸಂಖ್ಯೆಯನ್ನು ಹೊಸ ಕಾಗದದಲ್ಲಿ ಬರೆದು ಜಗಲಿಯ ಮೇಲಿಟ್ಟು, ಒಲೆಯ ಮೇಲೆ ಚಹಾಕ್ಕಿಟ್ಟರು. ಲೋಟ ಕೈಗೆ ಕೊಡುತ್ತ, ನಾನು ಒಂದು ವರ್ಷದ ಹಿಂದೆ ಉತ್ತರ ಹೇಳದೆ ಹೋದ ಮಾತನ್ನು, ನನ್ನ ಕಾರ್ಡಿನಲ್ಲಿ ಎಷ್ಟು ಹೆಸರಿವೆ ಎಂದು, ಮತ್ತೆ ಕೇಳಿದರು. ಅಣ್ಣನ ಕಾರ್ಡಿನಲ್ಲಿ ಹೆಸರಿದೆ ಅಂದೆ.

"ಅವ್ರ ಮನ್ಯಾಗ ಇರ್ತೀರೇನು?"

"ಇಲ್ರಿ."

"ಮತ್ತ?"

ಚಹಾ ಕುಡಿದು ಎದ್ದೆ. ಆದರೆ ಆ 'ಮತ್ತ' ನನ್ನನ್ನು ಬಿಡಲಿಲ್ಲ. ಮುಂದಿನ ವಾರ ಅಣ್ಣನಿಗೆ ಹೆಸರು ತೆಗೆಸು ಅಂದೆ. "ಯಾಕವಾ, ಇದ್ರ ಏನ ಭಾರ ಆಗೈತಿ?" ಅಂದ. ಹಟ ಮಾಡಿದೆ, ತೆಗೆಸಿದ. ಆಮೇಲೆ ನಾನು ಹೊಸ ಅರ್ಜಿಯನ್ನೂ ಹಾಕದೆ ಹಾಗೇ ಕುಳಿತೆ. ಇಂದು ಹಾಕಿದರಾಯಿತು, ನಾಳೆ ಹಾಕಿದರಾಯಿತು ಅಂತ ಎರಡು ತಿಂಗಳು ಕಳೆದವು.

ಒಂದು ದಿನ ಮಧ್ಯಾಹ್ನ ಕಾಕು ಫೋನ್ ಮಾಡಿದರು.

"ಬಂತ್ರಿ ಅಕ್ಕಾರ. ಕೈಯಾಗ ಐತಿ. ಓದ್ತೇನಿ, ಕೇ‍ಳ್ರಿ." ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಕೆಳಗೇನೂ ಇಲ್ರಿ. ಒಂದ ಹೆಸರ." ನಾನು ಈ ಕಡೆ ಕಣ್ಣೊರೆಸಿಕೊಂಡೆ. ಅವರೇ ಕೇಳಿದರು, "ನಿಮ್ದು?"

"ಇನ್ನಾ ಹಾಕಿಲ್ರಿ."

"ಊರ ಮಂದಿಗೆಲ್ಲ ಹಾಕಿಸ್ತೀರಿ, ನಿಮಗ ಬರೂದಿಲ್ಲೇನು? ಈಗ ಹಾಕ್ರಿ. ನಾ ಫೋನ ಇಡೂದಿಲ್ಲ."

ಫೋನನ್ನು ಮೇಜಿನ ಮೇಲಿಟ್ಟು ಟ್ಯಾಬ್ ತೆರೆದೆ. ಹೆಸರು ಬರೆದೆ, ವಿಳಾಸ ಬರೆದೆ. ನಾನು ನೂರಾರು ಸಲ ನೋಡಿದ ಪುಟಗಳು. ಕಣ್ಣು ಮುಚ್ಚಿಕೊಂಡೂ ತುಂಬಬಲ್ಲೆ. ಆಮೇಲೆ ಸದಸ್ಯರ ಪುಟ ಬಂತು, ನನ್ನ ಬೆರಳು ನಿಂತಿತು.

"ಯಾಕ್ರಿ, ಸುಮ್ನಾದ್ರೆಲ್ಲ? ಏನ ಕೇಳಾಕತ್ತೈತಿ ಅದು?"

ಓದಿದೆ. 'ನಿಮ್ಮ ಮನೆಯಲ್ಲಿ ನೀವಲ್ಲದೆ ಬೇರೆ ಯಾರಾದರೂ ಇದ್ದಾರೆಯೇ?' ಯಾರ ಎದೆಗೂ ಚುಚ್ಚದ ಹಾಗೆ ನಾನೇ ಕುಳಿತು ಬರೆದ ಪ್ರಶ್ನೆ.

"ಅದಾರೇನ್ರಿ?" ಅಂದರು ಕಾಕು, ಮೆಲ್ಲಗೆ.

"ಇಲ್ರಿ," ಅಂದೆ.

"ಹಂಗಾರ ಖರೇ ಹೇಳ್ರಿ. ಒತ್ರಿ."

ಒತ್ತಿದೆ. ಅವರು ಏನೂ ಅನ್ನಲಿಲ್ಲ, ಫೋನನ್ನೂ ಇಡಲಿಲ್ಲ. ನಾನು ಮುಂದಿನ ಪುಟ ತುಂಬತೊಡಗಿದೆ.